ಕಂಡವರು ಯಾರು?

ದಾಕ್ಷಾಯಣಮ್ಮನವರ ತುರುಬಿನಲ್ಲಿ ಹೂವಿನ ಪಕ್ಕ ಯಾವಾಗಲೂ ಒಂದು ಕೆಂಪು ಬಾಲ್‌ಪೆನ್ನು ಸಿಕ್ಕಿಸಿರುತ್ತಿತ್ತು. ಕನಕಾಂಬರ ಮುಡಿದ ದಿನ ಅದು ಅಷ್ಟಾಗಿ ಕಾಣುತ್ತಿರಲಿಲ್ಲ. ಮಲ್ಲಿಗೆ ಮುಡಿದ ದಿನ ಮಾತ್ರ ಎದುರಿಗೆ ಕೂತವರ ಎದೆ ಧಸಕ್ಕೆನ್ನುತ್ತಿತ್ತು. ಮಲ್ಲಿಗೆಯ ದಿನ ನನ್ನ ಬರಹಕ್ಕೆ ಆಗಿಬರುವುದಿಲ್ಲ ಅಂತ ನಾನೊಂದು ಶಕುನವನ್ನೇ ಕಟ್ಟಿಕೊಂಡಿದ್ದೆ. ಹೂವಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಎಡವಟ್ಟು ಇರುವುದು ನನ್ನ ಬರಹದಲ್ಲೇ ಎಂದು ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಬನ್ನಿಮಂಟಪದಲ್ಲಿ, ಪಂಜಿನ ಕವಾಯತಿನ ಮೈದಾನದಿಂದ ಎರಡು ರಸ್ತೆ ಆಚೆಗೆ ಒಂದು ಪ್ರೆಸ್ಸಿತ್ತು. ದಾಕ್ಷಾಯಣಮ್ಮ ಅಲ್ಲಿ ಪ್ರೂಫ್ ರೀಡರ್. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅವರನ್ನು ಮೊದಲು ನೋಡಿದಾಗ ಅವರಿಗೆ ಐವತ್ತು ದಾಟಿತ್ತು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಮೂಗಿನ ತುದಿಯಲ್ಲಿ ನಿಂತ ಕನ್ನಡಕ. ಮದುವೆಯಾಗಿರಲಿಲ್ಲ. ಯಾಕಮ್ಮ ಎಂದು ಯಾರಾದರೂ ಕೇಳಿಬಿಟ್ಟರೆ, “ಬಂದ ಗಂಡುಗಳಲ್ಲೆಲ್ಲ ತಪ್ಪೇ ಕಾಣಿಸ್ತಿತ್ತು ಕಣಪ್ಪ, ಏನ್ ಮಾಡ್ಲಿ, ಅಭ್ಯಾಸ” ಎಂದು ತಾವೇ ಮೊದಲು ನಕ್ಕುಬಿಡುವರು.

ನಾನು ಯಾರು ಅಂತಲೂ ಹೇಳಬೇಕಲ್ಲ. ನಾನು ಕವಿ. ಅಂದರೆ, ಹಾಗೆಂದು ಮೈಸೂರಿನಲ್ಲಿ ನಂಬಿದ್ದವನು ನಾನೊಬ್ಬನೇ. ಕನ್ನಡ ಎಂ.ಎ. ಆಗಿತ್ತು, ನಾನೇ ಅಚ್ಚು ಹಾಕಿಸಿಕೊಂಡ ಒಂದು ಕವನ ಸಂಕಲನ ಮಂಚದ ಕೆಳಗೆ ಕಟ್ಟು ಬಿಚ್ಚದೆ ಕೂತಿತ್ತು. ಹೊಟ್ಟೆಪಾಡಿಗೆ ಯಾದವಗಿರಿಯ ಹಳೇ ಬಂಗಲೆಯೊಂದರಲ್ಲಿದ್ದ ಗಣಿ ಕಂಪನಿಯ ಆಫೀಸು ಸೇರಿದ್ದೆ. ಕುಲುಮೆಗಳ ಒಳಗೋಡೆಗೆ ಬೇಕಾಗುವ ಬಿಳಿಕಲ್ಲನ್ನು ನಮ್ಮ ಕಂಪನಿ ಅಗೆಯುತ್ತಿತ್ತು. ಗಣಿ ಇದ್ದದ್ದು ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಸುಣ್ಣದಕೊಪ್ಪಲಿನಲ್ಲಿ. ನಾನು ಅಗೆಯುತ್ತಿದ್ದದ್ದು ಯಾದವಗಿರಿಯ ಫ್ಯಾನಿನ ಕೆಳಗೆ, ನಿಘಂಟನ್ನು. ಆ ಕಾಲಕ್ಕೆ ಹೊರದೇಶದಿಂದ ಕಲ್ಲು ಕೊಳ್ಳುವವರು ಕಂಪನಿಗಳನ್ನು ಕೇಳಲು ಶುರು ಮಾಡಿದ್ದರು: ನೀವು ಊರಿಗೇನು ಮಾಡಿದಿರಿ, ಗಿಡಮರಕ್ಕೇನು ಮಾಡಿದಿರಿ, ಬರೆದು ಕೊಡಿ ಅಂತ. ಹಾಗೆ ಹುಟ್ಟಿದ್ದು ವರ್ಷಕ್ಕೊಂದು ‘ಸಾಮಾಜಿಕ ಮತ್ತು ಪರಿಸರ ಹೊಣೆಗಾರಿಕೆ ವರದಿ’. ಇಂಗ್ಲಿಷಿನದು ಮುಖ್ಯ ಕಚೇರಿಯಿಂದ ಬರುವುದು. ಅದನ್ನು ತಾಲ್ಲೂಕು ಕಚೇರಿ, ಪಂಚಾಯ್ತಿ, ಶಾಲೆಗಳಿಗೆ ಹಂಚಲು ಕನ್ನಡಕ್ಕೆ ತರುವ ಹೊಣೆಗಾರಿಕೆ ನನ್ನದು. ತರುವಾಗ ನಾನು ಸುಮ್ಮನೆ ತರುತ್ತಿರಲಿಲ್ಲ, ಒಡವೆ ವಸ್ತ್ರ ಹಾಕಿ ತರುತ್ತಿದ್ದೆ.

ದಾಕ್ಷಾಯಣಮ್ಮನವರ ಓದುವ ಪದ್ಧತಿಯೇ ಬೇರೆ. ಕಣ್ಣಲ್ಲಿ ಓದಿದರೆ ತಪ್ಪು ಜಾರಿಹೋಗುತ್ತೆ, ಬಾಯಲ್ಲಿ ಓದಬೇಕು, ಇನ್ನೊಬ್ಬರು ಮೂಲಪ್ರತಿ ಹಿಡಿದುಕೊಂಡು ಕೇಳಬೇಕು ಎನ್ನುವುದು ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಪ್ರೆಸ್ಸುಗಳ ಶಿಸ್ತು. ಕಂಪ್ಯೂಟರ್ ಬಂದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಕೇಳಲು ಬರೆದವನೇ ಬಂದು ಕೂರಬೇಕು. ಸ್ವರದಲ್ಲಿ ಏರಿಲ್ಲ, ಇಳಿತವಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬಂದದ್ದು ಕೂಗುವ ಹಾಗೆ, ಚಿಹ್ನೆಗಳನ್ನೂ ಬಿಡದೆ ಓದಿಕೊಂಡು ಹೋಗುವರು. ಮೊದಲ ವರ್ಷ ಅವರ ಬಾಯಲ್ಲಿ ನನ್ನ ಗದ್ಯ ಕೇಳಿದ್ದು ಹೀಗೆ:

“ಭೂತಾಯಿಯ ಮಡಿಲಿನಿಂದ ಪಡೆದುದನ್ನು ಅಲ್ಪವಿರಾಮ ನೂರ್ಮಡಿಯಾಗಿ ಅವಳಿಗೇ ಹಿಂದಿರುಗಿಸುವ ಪಣ ತೊಟ್ಟ ನಮ್ಮ ಸಂಸ್ಥೆಯು ಅಲ್ಪವಿರಾಮ ಹಸಿರು ನಾಳೆಗಳ ಹರಿಕಾರನಾಗಿ ಹೆಜ್ಜೆಯಿಟ್ಟಿದೆ ಪೂರ್ಣವಿರಾಮ.”

ಓದಿ, ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು. “ಅಂದ್ರೆ, ಕಲ್ಲು ತೆಗೆದ ಗುಂಡಿ ಮುಚ್ತಿದೀರಾ?”

“ಇಲ್ಲಮ್ಮ, ಇನ್ನೂ ಅಗೀತಾನೇ ಇದಾರೆ.”

“ಮತ್ತೆ ನೂರ್ಮಡಿ ಏನನ್ನ ಹಿಂದಿರುಗಿಸ್ತಿದೀರಿ?”

“ಅದು... ಭಾವ ಅಮ್ಮ.”

“ಓ, ಭಾವಾನಾ?” ಕನ್ನಡಕ ಮತ್ತೆ ಮೂಗಿನ ತುದಿಗೆ ಬಂತು. “ಸರಿ ಬುಡಿ ಕವಿಗಳೇ. ಭೂತಾಯಿ ಒಪ್ಕೊಂಡ್ರೆ ನನ್ನದೇನು.”

ಪಕ್ಕದ ಕಂಪ್ಯೂಟರಿನಲ್ಲಿದ್ದ ಹುಡುಗಿಯರು ಕಿಸಕ್ಕೆಂದರು. ಯಾದವಗಿರಿಯಲ್ಲಿ ನಾನು ಎರಡು ಸಲ ಓದಿಕೊಂಡು ಕಣ್ಣು ಒದ್ದೆ ಮಾಡಿಕೊಂಡಿದ್ದ ವಾಕ್ಯ ಅದು.

ಅವರ ತಂದೆ ಮಠವೊಂದರ ಚಿಕ್ಕ ಅಚ್ಚುಕೂಟ ನೋಡಿಕೊಳ್ಳುತ್ತಿದ್ದವರು. ಅಲ್ಲಿ ವರ್ಷವರ್ಷ ಪಂಚಾಂಗ ಅಚ್ಚಾಗುತ್ತಿತ್ತು. ಒಂದು ವರ್ಷ ಮಹಾಲಯ ಅಮಾವಾಸ್ಯೆ ಒಂದು ದಿನ ಮುಂದಕ್ಕೆ ಬಿದ್ದುಹೋಯಿತಂತೆ. “ಯಾರಿಗೂ ಗೊತ್ತಾಗ್ಲಿಲ್ಲ ಕಣಪ್ಪ. ಪಂಚಾಂಗದಲ್ಲಿ ಐತಲ್ಲ ಅಂತ ಎಷ್ಟೋ ಮನೇಲಿ ಹಿರಿಯರಿಗೆ ಎಡೆ ಇಡೋದನ್ನ ಮಾರನೇ ದಿನಕ್ಕೆ ಹಾಕ್ಕೊಂಡ್ರು. ಆಮೇಲೆ ಒಬ್ರು ಮುದುಕರು ಅಚ್ಚುಕೂಟದ ಬಾಗ್ಲಿಗೇ ಬಂದು ಕೂತು ಅತ್ರು. ‘ನಮ್ಮಪ್ಪ ಬಂದು, ಎಡೆ ಇಲ್ದೆ ಹಸ್ಕೊಂಡು ವಾಪಸ್ ಹೋದ್ನಲ್ಲಾ ಸ್ವಾಮಿ’ ಅಂತ. ನಮ್ಮಪ್ಪ ತಪ್ಪು–ಒಪ್ಪು ಅಂತ ಒಂದು ಚೀಟಿ ಅಚ್ಚು ಹಾಕಿ, ನನ್ನ ಕೈಗೆ ಗೋಂದಿನ ಬಟ್ಲು ಕೊಟ್ಟು, ಪಂಚಾಂಗ ತಗೊಂಡಿದ್ದ ಮನೆಮನೆಗೂ ಹೋಗಿ ಅಂಟಿಸ್ಕೊಂಡು ಬಂದ್ರು. ಅಚ್ಚಾದ ಮಾತಿನ ಗುಣಾನೇ ಅಷ್ಟು. ಜನ ಅದನ್ನ ನಂಬಿ ಏನೋ ಒಂದು ಮಾಡ್ಬುಡ್ತಾರೆ.”

ಈ ಕಥೆಯನ್ನು ನನಗೆ ಏಳೆಂಟು ಸಲವಾದರೂ ಹೇಳಿದ್ದರು. ನಾನು ಪ್ರತಿ ಸಲವೂ ಅವರ ಡಬ್ಬಿಯ ಹುಚ್ಚೆಳ್ಳು ಚಟ್ನಿಯ ರೊಟ್ಟಿ ಮುರಿಯುತ್ತಾ ‘ಹೌದಾ ಅಮ್ಮ’ ಎಂದಿದ್ದೆ. ಒಂದು ಸಲವಾದರೂ ತಲೆಗೆ ಹೋಗಿತ್ತೆ? ಊಹ್ಞೂಂ.

ಕಾಗುಣಿತದ ತಪ್ಪನ್ನು ಅವರು ಕೇಳದೆಯೇ ತಿದ್ದುವರು. ಸಂಗತಿಯ ಬಗ್ಗೆ ಅನುಮಾನ ಬಂದರೆ ಮಾತ್ರ ತಿದ್ದುವಂತಿಲ್ಲ, ಬರೆದವನನ್ನು ಕೇಳಬೇಕು. ಎಲ್ಲರೂ ಅಂಥ ಕಡೆ ಬರೀ ಒಂದು ಪ್ರಶ್ನಾರ್ಥಕ ಹಾಕುತ್ತಾರೆ. ದಾಕ್ಷಾಯಣಮ್ಮ ಅಂಚಿನಲ್ಲಿ ಕೆಂಪಕ್ಷರದಲ್ಲಿ ಪೂರ್ತಿಯಾಗಿ ಬರೆಯುವರು: ‘ಕಂಡವರು ಯಾರು?’ ಬರೆದವನು ಒಪ್ಪಿದರೆ ತಿದ್ದಬೇಕು, ಒಪ್ಪದಿದ್ದರೆ ಪಕ್ಕದಲ್ಲಿ ‘ಇರಲಿ’ ಎಂದು ಬರೆದು ಸಹಿ ಹಾಕಬೇಕು. ಆಮೇಲೆ ಅದು ಬರೆದವನ ತಲೆಯ ಮೇಲೆ. ಸಹಿಯಿದ್ದ ಪ್ರೂಫುಗಳನ್ನು ಅವರು ದಾರ ಕಟ್ಟಿ ಬೀರುವಿನ ಮೇಲೆ ಜೋಪಾನ ಮಾಡಿ ಇಡುತ್ತಿದ್ದರು.

‘ಸಾವಿರಾರು ಸಸಿಗಳು ನಳನಳಿಸುತ್ತಿವೆ.’ ಕಂಡವರು ಯಾರು? ಇರಲಿ. ‘ಗಣಿಯ ದೂಳು ಈಗ ನೆನಪು ಮಾತ್ರ.’ ಕಂಡವರು ಯಾರು? ಇರಲಿ. ‘ಗ್ರಾಮಸ್ಥರ ಮೊಗದಲ್ಲಿ ಮಂದಹಾಸ.’ ಕಂಡವರು ಯಾರು? ಇರಲಿ, ಇರಲಿ. ಗಣಿಯ ಮುಖವನ್ನೇ ನೋಡದವನು ಗ್ರಾಮಸ್ಥರ ಮೊಗವನ್ನು ಎಲ್ಲಿ ನೋಡಲಿ? ಅಂದವಾಗಿ ಸಹಿ ಹಾಕುವುದನ್ನು ಮಾತ್ರ ಆ ಮೂರು ವರ್ಷದಲ್ಲಿ ಚೆನ್ನಾಗಿ ಕಲಿತೆ.

ಮೂರನೇ ವರ್ಷದ ವರದಿಯ ಹದಿನಾಲ್ಕನೇ ಪುಟಕ್ಕೆ ಬರೋಣ. ಗಣಿ ಆಳವಾದ ಹಾಗೆ ಸುಣ್ಣದಕೊಪ್ಪಲಿನ ಬಾವಿ ಬತ್ತಿತ್ತು. ಅದಕ್ಕೆ ಕಂಪನಿ ವಾರಕ್ಕೆ ಎರಡು ದಿನ ಟ್ಯಾಂಕರಿನಲ್ಲಿ ಕುಡಿಯುವ ನೀರು ಕಳಿಸುತ್ತಿತ್ತು. ಆ ವರ್ಷ ಬೀದಿಬೀದಿಗೆ ನಲ್ಲಿಕಂಬ ನೆಟ್ಟಿದ್ದರು. ಇಂಗ್ಲಿಷ್ ವರದಿಯಲ್ಲಿ ಇದ್ದದ್ದು ಇಷ್ಟೇ, ನಲ್ಲಿಗಳನ್ನು ಹಾಕಲಾಗಿದೆ ಅಂತ. ಅದು ನನಗೆ ಬೋಳುಬೋಳಾಗಿ ಕಂಡಿತು. ‘ಬೀದಿಬೀದಿಯಲ್ಲೂ ಜಲಧಾರೆ ಚಿಮ್ಮಿದ್ದು, ಗ್ರಾಮದ ನೀರಿನ ಬವಣೆ ಶಾಶ್ವತವಾಗಿ ನೀಗಿದೆ’ ಎಂದು ಬರೆದೆ. ‘ಶಾಶ್ವತವಾಗಿ’ ಎಂಬುದನ್ನು ಹಾಕಿದ್ದು ಲಯಕ್ಕೆ. ಅದಿಲ್ಲದೆ ಹೋದರೆ ವಾಕ್ಯ ಕುಂಟುತ್ತಿತ್ತು.

ಪಕ್ಕದಲ್ಲಿ ಗಣಿಯಿಂದ ಬಂದ ಫೋಟೋ ಇತ್ತು. ನಲ್ಲಿ, ಅದರ ಕೆಳಗೆ ಬಿಂದಿಗೆ, ಪಕ್ಕದಲ್ಲಿ ನಗುವ ಹೆಂಗಸು. ದಾಕ್ಷಾಯಣಮ್ಮ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆ ವೇಳೆಗೆ ಅವರು ನನ್ನನ್ನು ‘ನೀನು’ ಎನ್ನುವಷ್ಟು ಸಲಿಗೆ ಬೆಳೆದಿತ್ತು.

“ಈ ನಲ್ಲಿ ಕೆಳಗೆ ನೆಲ ನೋಡ್ದಾ?”

“ಏನಮ್ಮ?”

“ಒಣಗಿ ಬಿರುಕು ಬಿಟ್ಟದೆ. ನಮ್ಮ ಬೀದಿ ನಲ್ಲಿ ಕೆಳಗೆ ಕಾಲಿಟ್ರೆ ಜಾರುತ್ತೆ, ಅಷ್ಟು ಪಾಚಿ. ನೀರು ಬರೋ ನಲ್ಲಿ ಕೆಳಗೆ ನೆಲ ಹಿಂಗಿರಲ್ಲ ಕಣಪ್ಪ. ಈ ನಲ್ಲೀಲಿ ಒಂದು ತೊಟ್ಟೂ ಬಿದ್ದಿಲ್ಲ.”

“ಫೋಟೋ ತೆಗೆದ ದಿನ ಬಿಸಿಲಿತ್ತೇನೋ ಅಮ್ಮ.”

“ಹೋಗಿ ನೋಡ್ಕೊಂಡು ಬಾ. ಬಸ್ಸಿಲ್ವಾ?”

ಅಂಚಿನಲ್ಲಿ ಕೆಂಪು ಬಿತ್ತು: ‘ಕಂಡವರು ಯಾರು?’ ನನಗೆ ಆ ದಿನ ಆಫೀಸಿಗೆ ವಾಪಸ್ಸಾಗುವ ಅವಸರ. ಮ್ಯಾನೇಜರ್ ಪ್ರಭಾಕರ್ ಸಾರ್ ನನ್ನ ಹೆಸರನ್ನು ಅಧಿಕಾರಿಯ ಹುದ್ದೆಗೆ ಕಳಿಸುವವರಿದ್ದರು. ‘ಇರಲಿ’ ಎಂದು ಬರೆದೆ. ಬಾಲ ಎಳೆದು ಸಹಿ ಹಾಕಿದೆ. ದಾಕ್ಷಾಯಣಮ್ಮ ಹಾಳೆ ಮಗುಚಿದರು.

ವರದಿ ಬಂತು. ಅದಕ್ಕೆ ನಗರದ ಸಂಘವೊಂದು ಒಳ್ಳೆಯ ಕನ್ನಡಕ್ಕಾಗಿ ಬಹುಮಾನವನ್ನೂ ಕೊಟ್ಟಿತು. ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮೈಸೂರು ಪೇಟ ತೊಡಿಸಿದರು. ಪೇಟ ದೊಡ್ಡದಾಗಿ ಕಿವಿಯ ಮೇಲೆ ಕೂತುಬಿಟ್ಟು, ಭಾಷಣದಲ್ಲಿ ನನ್ನನ್ನು ಹೊಗಳಿದ್ದು ಸರಿಯಾಗಿ ಕೇಳಿಸಲೇ ಇಲ್ಲ. ಬಹುಮಾನ ಬಂತಲ್ಲ ಎಂದು ಕಂಪನಿ ವರದಿಯನ್ನು ಇನ್ನೊಂದು ಸಲ ಅಚ್ಚಿಗೆ ಕೊಟ್ಟಿತು, ಪರಿಸರ ದಿನದ ಸಮಾರಂಭದಲ್ಲಿ ಹಂಚಲು.

ಅಷ್ಟರಲ್ಲಿ ಗಣಿಗೆ ಹೊಸ ಅಧಿಕಾರಿಯೊಬ್ಬರು ಬಂದಿದ್ದರು. ಅವರು ಒಂದು ಅಪರೂಪದ ಕೆಲಸ ಮಾಡಿದರು: ನನ್ನ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ನನ್ನ ಜನ್ಮದಲ್ಲಿ ನನಗೆ ಸಿಕ್ಕಿದ ಒಬ್ಬನೇ ಪೂರ್ಣಾವಧಿ ಓದುಗ. ಓದಿ, ‘ನೀರಿನ ಬವಣೆ ಶಾಶ್ವತವಾಗಿ ನೀಗಿದೆ ಅಂತ ನಮ್ಮ ವರದೀಲೇ ಇದೆಯಲ್ಲ, ಮತ್ತೆ ಟ್ಯಾಂಕರ್ ಯಾಕೆ?’ ಎಂದು ನೀರು ಕಳಿಸುವುದನ್ನು ನಿಲ್ಲಿಸಿಬಿಟ್ಟರು.

ಇದು ನನಗೆ ಗೊತ್ತಾದದ್ದು ಪ್ರೆಸ್ಸಿನಲ್ಲಿ. ಒಂದು ಬೆಳಿಗ್ಗೆ ದಾಕ್ಷಾಯಣಮ್ಮ ಫೋನು ಮಾಡಿಸಿ, ‘ಈಗಲೇ ಬರಬೇಕಂತೆ’ ಎಂದು ಹೇಳಿ ಕಳಿಸಿದರು. ಎರಡನೇ ಮುದ್ರಣದ ಸಂಗತಿ ಇರಬೇಕೆಂದು ಶಿಳ್ಳೆ ಹಾಕಿಕೊಂಡು ಹೋದೆ. ಅವರ ಮೇಜಿನೆದುರು, ನಾನು ಕೂರುವ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ನನ್ನ ವರದಿ. ಹೆಸರು ಚಿಕ್ಕತಾಯಮ್ಮ, ಊರು ಸುಣ್ಣದಕೊಪ್ಪಲು. ಗಣಿಯಲ್ಲಿ ಕೇಳಿದ್ದಕ್ಕೆ ‘ಪುಸ್ತಕದಲ್ಲಿ ಹಿಂಗಿದೆ’ ಎಂದು ತೋರಿಸಿ ಸಾಗಹಾಕಿದ್ದರಂತೆ. ಊರಿನ ಶಾಲೆಯಲ್ಲಿದ್ದ ಪುಸ್ತಕವನ್ನೇ ಕೇಳಿ ತಂದು, ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದ್ದ ಪ್ರೆಸ್ಸಿನ ವಿಳಾಸ ಓದಿಸಿಕೊಂಡು, ನೇರ ಬನ್ನಿಮಂಟಪಕ್ಕೆ ಬಂದಿದ್ದಳು. ಅಚ್ಚು ಹಾಕಿದವರೇ ಬರೆದವರು ಅಂತ ಅವಳ ಲೆಕ್ಕ.

“ಇದನ್ನ ಅಚ್ಚಾಕಿದೋರು ನೀವೇ ಅಂತೆ ಕಣವ್ವ. ಅದೊಂದು ಸಾಲು ಅಳಿಸಾಕ್ಬುಡಿ, ಪುಣ್ಯ ಬತ್ತದೆ. ಅದು ಇರಗಂಟ ನಮ್ಗೆ ನೀರಿಲ್ಲ.”

ಯಾರಾದರೂ ಆಗಿದ್ದರೆ, ‘ನಾವು ಬರೀ ಅಚ್ಚು ಹಾಕೋರು, ಯಾದವಗಿರಿಗೆ ಹೋಗಮ್ಮ’ ಎಂದು ಕೈತೊಳೆದುಕೊಳ್ಳುತ್ತಿದ್ದರು. ದಾಕ್ಷಾಯಣಮ್ಮ, “ಹೌದಮ್ಮ, ನಾವೇ” ಎಂದರಂತೆ. ಬೀರುವಿನ ಮೇಲಿನ ಕಟ್ಟು ಇಳಿಸಿ, ಹದಿನಾಲ್ಕನೇ ಪುಟ ತೆಗೆದು ಮೇಜಿನ ಮೇಲಿಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ಅಲ್ಲಿ ನನ್ನ ‘ಇರಲಿ’ ಇತ್ತು. ಸಹಿಯ ಬಾಲವೂ ಇತ್ತು.

ನಾನು ಆಫೀಸಿನ ಕನ್ನಡದಲ್ಲಿ ಏನೇನೋ ಹೇಳಿದೆ. ಕಾಮಗಾರಿ ಪ್ರಗತಿಯಲ್ಲಿದೆ, ಕೊಳವೆಬಾವಿಯ ಪ್ರಸ್ತಾವನೆ ಪರಿಶೀಲನೆಯಲ್ಲಿದೆ, ಇತ್ಯಾದಿ. ಚಿಕ್ಕತಾಯಮ್ಮ ಕೊನೆಯವರೆಗೂ ಕೇಳಿದಳು.

“ನೀವೇನಾ ಸ್ವಾಮಿ ಬರ್ದೋರು? ಅವ್ವಾರು ಓದೇಳಿದ್ರು, ಬೋ ಚೆಂದಾಗೈತೆ. ಗಿಡ ಐತೆ, ನೀರೈತೆ, ದೂಳಿಲ್ಲ. ಅದ್ಯಾವೂರು ಸ್ವಾಮಿ? ನಾವೂ ಅಲ್ಲಿಗೇ ಹೊಂಟೋಯ್ತೀವಿ.”

ವ್ಯಂಗ್ಯವಿರಲಿಲ್ಲ ಅವಳ ದನಿಯಲ್ಲಿ, ಸುಸ್ತಿತ್ತು. ನಾನು ಪೇಟ ಹೊತ್ತ ಆ ತಲೆಯನ್ನು ಎಲ್ಲಿಡಲಿ ಅಂತ ಹುಡುಕಿದೆ.

ಭಾನುವಾರ ದಾಕ್ಷಾಯಣಮ್ಮ ನನ್ನನ್ನು ಬಸ್ಸು ಹತ್ತಿಸಿ ಸುಣ್ಣದಕೊಪ್ಪಲಿಗೆ ಕರೆದುಕೊಂಡು ಹೋದರು. ಫೋಟೋದ ನಲ್ಲಿ ಸಿಕ್ಕಿತು. ಅದರ ಕಟ್ಟೆಯ ಮೇಲೆ ಕೂತು, ನೆರೆದ ಜನಕ್ಕೆ ನನ್ನ ವರದಿಯನ್ನು ಓದಲು ಶುರು ಮಾಡಿದರು, ಅದೇ ರೈಲ್ವೆ ಸ್ಟೇಷನ್ನಿನ ಸ್ವರದಲ್ಲಿ. ನನ್ನ ಕೈಗೆ ಕೆಂಪು ಪೆನ್ನು ಕೊಟ್ಟು, “ಅವರು ಹೇಳಿದ್ದನ್ನ ಅಂಚಿನಲ್ಲಿ ಬರ್ಕೊ” ಎಂದರು. ‘ಅಲ್ಪವಿರಾಮ’ ಬಂದಾಗಲೆಲ್ಲ ಜನ ನಗುತ್ತಿದ್ದರು. ಸಸಿಯ ಪುಟಕ್ಕೆ ಒಬ್ಬರು, “ಆಡು ಮೇಯ್ದ್ವು, ಬರ್ಕಳಿ” ಎಂದರು. ದೂಳಿನ ಪುಟಕ್ಕೆ ಒಬ್ಬಾಕೆ ಮನೆಗೆ ಹೋಗಿ ಮಗುವಿನ ಅಂಗಿ ತಂದು ನನ್ನ ಮುಂದೆ ಕೊಡವಿದಳು. ನನಗೆ ಕೆಮ್ಮು ಬಂತು.

ಕೆಮ್ಮಿದ್ದಕ್ಕೆ ಚಿಕ್ಕತಾಯಮ್ಮ ಒಂದು ಚೊಂಬು ನೀರು ತಂದುಕೊಟ್ಟಳು. ಅರ್ಧ ಕುಡಿದೆ. ಉಳಿದದ್ದನ್ನು, ಮನೆಯಲ್ಲಿ ದಿನಾ ಮಾಡುವ ಹಾಗೆ, ಏನೂ ಯೋಚಿಸದೆ ಪಕ್ಕಕ್ಕೆ ಚೆಲ್ಲಿಬಿಟ್ಟೆ.

ನಗುತ್ತಿದ್ದವರೆಲ್ಲ ನನ್ನ ಕೈಯ ಚೊಂಬನ್ನೇ ನೋಡಿದರು. ಆ ನೀರು ಎರಡು ಮೈಲಿ ಆಚೆಯ ಪಂಪ್‌ಸೆಟ್ಟಿನಿಂದ ತಲೆಯ ಮೇಲೆ ಬಂದದ್ದು ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಚಿಕ್ಕತಾಯಮ್ಮ ಮೆಲ್ಲಗೆ ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು. ನೋಡಿದರೆ ನಾನು ಚೆಲ್ಲಿದ್ದು ಸರಿಯಾಗಿ ನಲ್ಲಿಯ ಕೆಳಗೆ. ಕಂಪನಿಯ ನಲ್ಲಿಯ ಕೆಳಗೆ ನೆಲ ಮೊದಲ ಸಲ ಒದ್ದೆಯಾದದ್ದು ನನ್ನಿಂದ. ಇದೊಂದನ್ನು ಬೇಕಾದರೆ ನಾನು ಕಂಡಿದ್ದೇನೆ ಎಂದು ಧೈರ್ಯವಾಗಿ ಸಹಿ ಹಾಕಬಲ್ಲೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ದಾಕ್ಷಾಯಣಮ್ಮ ಕೇಳಿದ್ದು ಒಂದೇ. ಎರಡನೇ ಮುದ್ರಣ ಪ್ರೆಸ್ಸಿನಲ್ಲೇ ಇದೆ. ಒಂದು ತಪ್ಪು–ಒಪ್ಪು ಚೀಟಿ ಅಂಟಿಸೋಣ. ಅಧಿಕಾರಿಗಳೆಲ್ಲ ನೋಡುತ್ತಾರೆ, ಟ್ಯಾಂಕರ್ ಮತ್ತೆ ಬರುತ್ತೆ. ಆದರೆ ಚೀಟಿಗೆ ಬರೆದವನ ಸಹಿ ಬೇಕು.

“ಪ್ರಭಾಕರ್ ಸಾರ್‌ನ ಒಂದ್ಮಾತು ಕೇಳ್ತೀನಿ ಅಮ್ಮ” ಎಂದೆ.

ಕೇಳಲಿಲ್ಲ. ಹತ್ತು ದಿನ ಬನ್ನಿಮಂಟಪದ ಕಡೆಗೇ ತಲೆ ಹಾಕಲಿಲ್ಲ. ಅಧಿಕಾರಿಯ ಹುದ್ದೆಯ ಕಾಗದ ಟೈಪಾಗುತ್ತಿದೆ ಎಂದು ಗುಮಾಸ್ತರು ಹೇಳಿದ್ದರು. ಈ ಒಂದು ಕಾಗದ ಕೈಗೆ ಬಂದುಬಿಡಲಿ, ಆಮೇಲೆ ಸಹಿ ಹಾಕಿದರಾಯಿತು ಎಂದುಕೊಂಡೆ. ಆ ಹತ್ತು ದಿನ ಸುಣ್ಣದಕೊಪ್ಪಲಿನವರು ಏನು ಕುಡಿದರು ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ. ಹನ್ನೊಂದನೇ ದಿನ ದಾಕ್ಷಾಯಣಮ್ಮನವರೇ ಫೋನು ಮಾಡಿದರು. “ಏನು ನಿಶ್ಚಯ ಮಾಡಿದ್ರಿ?” ಎಂದರು. ‘ನೀವು’ ಎಂದರು. ಅದನ್ನು ಕೇಳಿ ನನಗೆ ಬೈಸಿಕೊಂಡಿದ್ದಕ್ಕಿಂತ ಹೆಚ್ಚು ನೋವಾಯಿತು. “ಸ್ವಲ್ಪ ಟೈಮ್ ಕೊಡಿ ಅಮ್ಮ” ಎಂದೆ. “ಆಯ್ತು” ಎಂದು ಇಟ್ಟುಬಿಟ್ಟರು.

ಪರಿಸರ ದಿನದ ಸಮಾರಂಭ. ವೇದಿಕೆಯ ಮೇಲೆ ದೊಡ್ಡವರೆಲ್ಲ ಕೂತಿದ್ದರು, ಪ್ರತಿಯೊಬ್ಬರ ಕೈಗೂ ವರದಿ ಹೋಯಿತು. ತೆರೆದರೆ ಮೊದಲ ಪುಟದಲ್ಲೇ ಅಂಗೈಯಗಲದ ಹಳದಿ ಚೀಟಿ. ವರದಿಯನ್ನು ಯಾರೂ ಓದುವ ಗೋಜಿಗೆ ಹೋಗುವುದಿಲ್ಲ, ಆದರೆ ತಪ್ಪು–ಒಪ್ಪು ಎಂದರೆ ಎಲ್ಲರೂ ಬಗ್ಗಿ ಓದುತ್ತಾರೆ. ‘ಪುಟ ೧೪. ತಪ್ಪು: ನೀರಿನ ಬವಣೆ ಶಾಶ್ವತವಾಗಿ ನೀಗಿದೆ. ಒಪ್ಪು: ನಲ್ಲಿ ಇದೆ, ನೀರು ಇಲ್ಲ. ಟ್ಯಾಂಕರ್ ನಿಂತುಹೋಗಿದೆ. ಕಂಡವರು: ದಾಕ್ಷಾಯಣಮ್ಮ, ಪ್ರೂಫ್ ರೀಡರ್.’ ಎರಡು ದಿನ ಒಬ್ಬರೇ ಕೂತು ಎಲ್ಲ ಪ್ರತಿಗೂ ಗೋಂದು ಹಚ್ಚಿ ಅಂಟಿಸಿದ್ದರಂತೆ. ತಪ್ಪು–ಒಪ್ಪು ಎಲ್ಲ ಪುಸ್ತಕಕ್ಕೂ ಇರೋದೇ ಅಂತ ಪ್ರೆಸ್ಸಿನ ಮಾಲೀಕರೂ ಚೀಟಿ ಓದಿರಲಿಲ್ಲ.

ಮುಖ್ಯ ಅತಿಥಿಗಳು ಓದಿ, ಪಕ್ಕದವರಿಗೆ ತೋರಿಸಿ, ಪ್ರಭಾಕರ್ ಸಾರ್ ಕಡೆಗೆ ತಿರುಗಿದರು. ನಾನು ಸಭಾಂಗಣದ ಕಂಬದ ಹಿಂದೆ ಸೇರಿಕೊಂಡೆ. ಅದೇ ವಾರ ಟ್ಯಾಂಕರ್ ಮತ್ತೆ ಸುಣ್ಣದಕೊಪ್ಪಲಿಗೆ ಹೋಯಿತು.

ಮಾರನೇ ದಿನ ಪ್ರಭಾಕರ್ ಸಾರ್ ನನ್ನನ್ನು ತಮ್ಮ ರೂಮಿಗೆ ಕರೆದು ಬಾಗಿಲು ಹಾಕಿಸಿದರು. ಚೀಟಿಯ ಮೇಲೆ ಬೆರಳಿಟ್ಟು ಕೇಳಿದರು: “ಈ ದಾಕ್ಷಾಯಣಮ್ಮ ಅಂದ್ರೆ ಯಾರ್ರೀ? ನಿಮಗೆ ಗೊತ್ತಾ?”

ನಾನು ಒಂದು ಉತ್ತರ ಕೊಟ್ಟೆ. ಅದೇನೆಂದು ಈಗಲೇ ಬರೆಯಲು ಕೈ ಬರುತ್ತಿಲ್ಲ, ಕೊನೆಯಲ್ಲಿ ಹೇಳುತ್ತೇನೆ.

ಕಂಪನಿ ಆ ಪ್ರೆಸ್ಸಿಗೆ ಕೆಲಸ ಕೊಡುವುದನ್ನು ನಿಲ್ಲಿಸಿತು. ಮಾಲೀಕರು ಕಣ್ಣಲ್ಲಿ ನೀರು ಹಾಕಿಕೊಂಡೇ ದಾಕ್ಷಾಯಣಮ್ಮನವರನ್ನು ಬರಬೇಡಿ ಎಂದರಂತೆ. ಅವರು ಪೆನ್ನು ತುರುಬಿಗೆ ಸಿಕ್ಕಿಸಿ, ಡಬ್ಬಿ ತೆಗೆದುಕೊಂಡು ಎದ್ದು ಹೋದರಂತೆ. ಇಷ್ಟೆಲ್ಲ ‘ಅಂತೆ’ ಯಾಕೆಂದರೆ ನಾನು ಅಲ್ಲಿರಲಿಲ್ಲ. ನಾನು ಯಾದವಗಿರಿಯಲ್ಲಿ ಅಧಿಕಾರಿಯಾಗಿದ್ದೆ.

ಏಳೆಂಟು ವರ್ಷ ಕಳೆಯಿತು. ಗಣಿ ಮುಚ್ಚಿತು, ಬಂಗಲೆಯ ಆಫೀಸೂ ಎದ್ದುಹೋಯಿತು, ನಾನು ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾದೆ. ಕೆಲಸ ಕಡಿಮೆ, ಜಂಭ ಹಾಗೇ ಇತ್ತು. ಆತ್ಮಕಥೆ ಬರೆದೆ. ಬರೆದ ಮೇಲೆ ನೆನಪಾದದ್ದು ದಾಕ್ಷಾಯಣಮ್ಮನವರೇ. ಹೂಟಗಳ್ಳಿಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದ ತಮ್ಮನ ಮಗನ ಮನೆಯಲ್ಲಿದ್ದಾರೆ ಎಂದು ಪತ್ತೆ ಮಾಡಿಕೊಂಡು ಹೋದೆ. ಬಾಗಿಲು ತೆರೆದದ್ದು ಅವರೇ. ಕೂದಲು ಪೂರ್ತಿ ಬಿಳಿ, ಪೆನ್ನು ಕೆಂಪಗೆ ಎದ್ದು ಕಾಣುತ್ತಿತ್ತು.

“ಓಹೋ, ಕವಿಗಳು! ಬಾಪ್ಪ ಒಳಗೆ. ಊಟ ಆಯ್ತಾ ನಿಂದು?” ಎಂದರು.

‘ನಿಂದು’ ಎಂದದ್ದು ಕೇಳಿ, ಚಪ್ಪಲಿ ಬಿಚ್ಚುವ ನೆಪದಲ್ಲಿ ಹೊಸ್ತಿಲ ಮೇಲೇ ತಲೆ ಬಗ್ಗಿಸಿದೆ. ನನಗೆ ಅಷ್ಟು ಸುಲಭದ ಕ್ಷಮೆ ಬೇಕಾಗಿರಲಿಲ್ಲ, ಆದರೆ ಅದೇ ಬೇಕಾಗಿತ್ತು.

ಹಸ್ತಪ್ರತಿ ಅವರ ಮುಂದಿಟ್ಟೆ. ಗಟ್ಟಿಯಾಗಿ ಓದತೊಡಗಿದರು. ದನಿ ಸಣ್ಣದಾಗಿತ್ತು, ಅಲ್ಪವಿರಾಮಗಳು ಮಾತ್ರ ಒಂದೂ ತಪ್ಪಲಿಲ್ಲ. ಎರಡು ಭಾನುವಾರ ಹಾಗೇ ಹೋಯಿತು. ಮೂರನೇ ಭಾನುವಾರ ಪ್ರಭಾಕರ್ ಸಾರ್ ರೂಮಿನ ಪುಟ ಬಂತು. ಅಲ್ಲಿ ನಾನು ಬರೆದಿದ್ದೆ, ಎದ್ದು ನಿಂತು ‘ಆ ಸಹಿ ನನ್ನದಾಗಬೇಕಿತ್ತು ಸಾರ್, ಆ ತಾಯಿ ನನ್ನ ಗುರು’ ಎಂದೆ ಅಂತ. ಲಯವೂ ಚೆನ್ನಾಗಿ ಬಂದಿತ್ತು.

ಅವರು ಪೂರ್ಣವಿರಾಮದವರೆಗೂ ಓದಿದರು. ತುರುಬಿನಿಂದ ಪೆನ್ನು ತೆಗೆದು ಅಂಚಿನಲ್ಲಿ ಬರೆದರು: ‘ಕಂಡವರು ಯಾರು?’

“ಆ ರೂಮಲ್ಲಿ ಯಾರ್ ಯಾರಿದ್ರಪ್ಪ?”

“ಪ್ರಭಾಕರ್ ಸಾರ್, ನಾನು.”

“ಅವರು ಎಲ್ಲಿದಾರೆ ಈಗ?”

“ತೀರ್ಕೊಂಡ್ರು ಅಮ್ಮ.”

“ಹಂಗಾದ್ರೆ ಕಂಡೋನು ನೀನೊಬ್ನೇ.” ಪೆನ್ನನ್ನು ನನ್ನ ಕಡೆಗೆ ಚಾಚಿದರು. “ಇರಲಿ ಅಂತ ಬರೆದು ಸಹಿ ಹಾಕು. ಬರೆದೋನು ಸಹಿ ಹಾಕಿದ್ರೆ ನಾನು ಮುಂದಕ್ಕೆ ಓದ್ತೀನಿ. ಅದು ನಮ್ಮ ಪದ್ಧತಿ.”

ಕೈ ಏಳಲಿಲ್ಲ. ಜೀವಮಾನದಲ್ಲಿ ಎಷ್ಟೊಂದು ‘ಇರಲಿ’ ಬರೆದ ಕೈ. “ಮನೇಲಿ ಇನ್ನೊಂದ್ಸಲ ನೋಡ್ಕೊಂಡು ತರ್ತೀನಿ ಅಮ್ಮ” ಎಂದು ಆ ಒಂದು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

“ನೋಡಪ್ಪ. ಅವಸರ ಏನಿಲ್ಲ.” ಹೊರಡುವಾಗ ಬಾಗಿಲವರೆಗೂ ಬಂದು ಕೇಳಿದರು, “ಆ ಊರಿಗೆ ನೀರು ಬಂತಾ ಆಮೇಲೆ?”

“ಬಂತಮ್ಮ. ಪಂಚಾಯ್ತಿಯವರು ಬೋರ್ ಕೊರೆಸಿದ್ರು. ದಿನ ಬಿಟ್ಟು ದಿನ ನಲ್ಲೀಲಿ ಬರುತ್ತೆ.”

“ಕಂಡ್ಯಾ?”

“ಹೋಗಿ ನೋಡ್ಕೊಂಡು ಬಂದೆ. ಕೆಳಗೆ ಪಾಚಿ ಕಟ್ಟಿದೆ. ಕಾಲು ಜಾರಿ ಬೀಳೋದ್ರಲ್ಲಿದ್ದೆ.”

ಅವರು ಬಾಯ್ತುಂಬ ನಕ್ಕರು. “ಅದನ್ನ ಬರಿ. ಅದು ಚೆನ್ನಾಗಿದೆ.”

ನಾನು ಮುಂದಿನ ಭಾನುವಾರ ಹೋಗಲಿಲ್ಲ, ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಮೂರು ತಿಂಗಳು ಆ ಹಾಳೆ ಮೇಜಿನ ಡ್ರಾಯರಿನಲ್ಲೇ ಇತ್ತು. ಕೊನೆಗೆ ಹೋದಾಗ ಬಾಗಿಲು ತೆರೆದದ್ದು ತಮ್ಮನ ಮಗ. ಗೋಡೆಯ ಮೇಲೆ ಅವರ ಫೋಟೋಗೆ ಹಾರ ಹಾಕಿತ್ತು. ತೀರಿಕೊಂಡು ಹದಿನೆಂಟು ದಿನವಾಗಿತ್ತು. “ನಿಮ್ಮದು ಒಂದು ಕಟ್ಟಿತ್ತು ಸಾರ್” ಎಂದು ಹಸ್ತಪ್ರತಿ ತಂದುಕೊಟ್ಟ. ನಾನು ಹಾಳೆ ಎತ್ತಿಕೊಂಡು ಬಂದ ಜಾಗದಲ್ಲಿ ಒಂದು ದಾರ ಇಟ್ಟಿದ್ದರು. ಅದರ ಹಿಂದಿನ ಪುಟಗಳೆಲ್ಲ ಕೆಂಪುಕೆಂಪು. ಮುಂದಿನ ಪುಟಗಳಲ್ಲಿ ಒಂದು ಗೀಟೂ ಇರಲಿಲ್ಲ. ನನ್ನ ಉತ್ತರ ಬಾರದೆ ಮುಂದಕ್ಕೆ ಓದಿರಲಿಲ್ಲ.

ಆ ಪುಸ್ತಕವನ್ನು ನಾನು ಅಚ್ಚಿಗೆ ಕೊಡಲಿಲ್ಲ. ಮಂಚದ ಕೆಳಗೆ ಕವನ ಸಂಕಲನಕ್ಕೆ ಜೊತೆಯಾಯಿತು. ಈಗ ಈ ಬರಹವನ್ನು ಬರೆದು ಮುಗಿಸಿ, ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ, ಚಿಹ್ನೆಗಳ ಸಮೇತ ಓದಿದೆ. “ಯಾರ ಹತ್ರ ಮಾತಾಡ್ತಿದೀರಿ?” ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಒಂದು ಕೆಂಪು ಪೆನ್ನು ತಂದಿದ್ದೇನೆ. ಡ್ರಾಯರಿನ ಹಾಳೆಯನ್ನು ತೆಗೆದು, ಅದರ ಮೇಲೆ ಈ ಚೀಟಿ ಅಂಟಿಸಿದ್ದೇನೆ.

ತಪ್ಪು: “ಆ ಸಹಿ ನನ್ನದಾಗಬೇಕಿತ್ತು ಸಾರ್, ಆ ತಾಯಿ ನನ್ನ ಗುರು” ಎಂದೆ.

ಒಪ್ಪು: “ಪ್ರೆಸ್ಸಿನವರು ಯಾರೋ ಇರಬೇಕು ಸಾರ್, ನನಗೆ ಪರಿಚಯ ಇಲ್ಲ” ಎಂದೆ.

ಕಂಡವರು: ನಾನು.